ಆರೋಗ್ಯ ಪ್ರಶ್ನೋತ್ತರ: ಉರಿಯುವ ಕಣ್ಣು, ಸಿಗದ ಸರ್ವರ್

ಪ್ರಶ್ನೆ: ನನಗೆ 41 ವರ್ಷ. ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ದಾನಿಗಳು ಉಬುಂಟು ಲಿನಕ್ಸ್ ಹಾಕಿಕೊಟ್ಟ 12 ಹಳೆಯ ಕಂಪ್ಯೂಟರುಗಳ ಜವಾಬ್ದಾರಿಯೂ ನನ್ನದೇ. ಮಕ್ಕಳಿಗಾಗಿ ಸ್ಟೆಲೇರಿಯಂ, ಜಿಕಾಂಪ್ರಿಸ್ ಹಾಕಲು ಹೋದರೆ ಕೆಲವು ಯಂತ್ರಗಳಲ್ಲಿ 'ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್' ಎಂದು ಬರುತ್ತದೆ. ಎರಡರಲ್ಲಿ '404 ನಾಟ್ ಫೌಂಡ್', ಒಂದರಲ್ಲಿ 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್'. ಒಂದೊಂದೇ ಯಂತ್ರವನ್ನು ಮನೆಗೆ ತಂದು ರಾತ್ರಿ ಒಂದು ಗಂಟೆಯವರೆಗೆ ಕೂರುತ್ತೇನೆ. ಕಣ್ಣು ಉರಿಯುತ್ತದೆ. ನಿದ್ದೆಯಲ್ಲಿ ಬಲಗೈ ಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸರಿಹೋಗುತ್ತದೆ. ಕಿರುಬೆರಳಿಗೆ ಮಾತ್ರ ಏನೂ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಕಿರುಬೆರಳಿನ ವಿಷಯ ಬರೆದು ನನ್ನ ಅರ್ಧ ಕೆಲಸವನ್ನು ನೀವೇ ಮುಗಿಸಿದ್ದೀರಿ. ಮಣಿಕಟ್ಟಿನ ಒಳಗಿನ ಇಕ್ಕಟ್ಟಾದ ಹಾದಿಯಲ್ಲಿ ಹೋಗುವ ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶ ಕೊಡುತ್ತದೆ, ಕಿರುಬೆರಳಿಗೆ ಬೇರೆ ನರವಿದೆ. ಆ ಹಾದಿಯಲ್ಲಿ ನರಕ್ಕೆ ಒತ್ತಡ ಬಿದ್ದರೆ ಕಾಣುವ ಲಕ್ಷಣಗಳು ನೀವು ಬರೆದಂಥವೇ. ಕಾರ್ಪಲ್ ಟನಲ್ ತೊಂದರೆ ಎನ್ನುತ್ತೇವೆ. ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಿ, ಬೆರಳು ಕೆಳಮುಖ ಮಾಡಿ ಒಂದು ನಿಮಿಷ ಹಿಡಿಯಿರಿ. ಜೋಮು ಬಂದರೆ ಸಂಶಯ ಬಲವಾಗುತ್ತದೆ. ರಾತ್ರಿ ಮಣಿಕಟ್ಟು ಮಡಿಚದಂತೆ ಪಟ್ಟಿ ಹಾಕಿಕೊಂಡು ಮಲಗಿ. ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಈ ಎರಡರ ಏರುಪೇರಿನಿಂದಲೂ ಹೀಗಾಗುತ್ತದೆ. ಹೆಬ್ಬೆರಳಿನ ಬುಡದ ಮಾಂಸ ಸೊರಗಿದ್ದರೆ ಅಥವಾ ಹಿಡಿದ ವಸ್ತು ಜಾರಿ ಬೀಳುತ್ತಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ. ಕಣ್ಣುರಿಗೆ ಮುಖ್ಯ ಕಾರಣ, ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಳದಿರಲಿ.

ಆದರೆ ಕಣ್ಣು, ಕೈ ಎರಡಕ್ಕೂ ಮೂಲ ರಾತ್ರಿ ಒಂದು ಗಂಟೆಯ ಆ ಕೂರುವಿಕೆ. ಅದು ನಿಲ್ಲದೆ ನನ್ನ ಔಷಧಿ ನಾಟುವುದಿಲ್ಲ. ನನ್ನ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೂ ವರ್ಷಗಳಿಂದ ಉಬುಂಟುವೇ ಇದೆ, ಹಾಗಾಗಿ ತಿಳಿದಷ್ಟು ಬರೆಯುತ್ತೇನೆ. ನಿಮ್ಮ ಯಂತ್ರಗಳಿಗೆ ಇರುವುದು ಒಂದು ಕಾಯಿಲೆಯಲ್ಲ, ಮೂರು. ಮೂರಕ್ಕೂ ಒಂದೇ ಕಮಾಂಡನ್ನು ಮತ್ತೆ ಮತ್ತೆ ಕೊಡುವುದೆಂದರೆ ಯಾವ ಜ್ವರವೆಂದು ನೋಡದೆ ಎಲ್ಲರಿಗೂ ಪ್ಯಾರಾಸಿಟಮಾಲ್ ಬರೆದಂತೆ.

'ರಿಸಾಲ್ವಿಂಗ್' ಎಂಬ ಮಾತು ಬಂದರೆ ಸರ್ವರಿನ ಹೆಸರಿಗೆ ವಿಳಾಸ ಸಿಗಲಿಲ್ಲ ಎಂದರ್ಥ. ಟರ್ಮಿನಲ್‌ನಲ್ಲಿ 8.8.8.8ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಲೈನ್ ಚೆನ್ನಾಗಿದೆ, ಕೆಟ್ಟಿರುವುದು ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ನಂಬರ್ ಹುಡುಕಿಕೊಡುವ ವ್ಯವಸ್ಥೆ. ಉತ್ತರ ಬಾರದಿದ್ದರೆ ಮೊದಲು ಕೇಬಲ್, ವೈಫೈ, ರೂಟರ್ ನೋಡಿ. ಕೆಲವು ನೆಟ್‌ವರ್ಕ್‌ಗಳು ಪಿಂಗನ್ನೇ ತಡೆಯುತ್ತವೆ, ಆದ್ದರಿಂದ ಬ್ರೌಸರಿನಲ್ಲೂ ಒಂದು ಸೈಟ್ ತೆರೆದು ನೋಡಿ. ಕಚೇರಿಯಿಂದ ಬಂದ ಯಂತ್ರಗಳಲ್ಲಿ ಆ ಕಚೇರಿಯ ಡಿಎನ್‌ಎಸ್ ವಿಳಾಸ ಹಾಗೇ ಉಳಿದಿರುವುದುಂಟು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಐಪಿವಿ4 ತೆರೆದು ಡಿಎನ್‌ಎಸ್ಸನ್ನು ಆಟೋಮ್ಯಾಟಿಕ್‌ಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ 1.1.1.1 ಎಂದು ಬರೆದು, ಕನೆಕ್ಷನ್ ಒಮ್ಮೆ ಆರಿಸಿ ಹಾಕಿ.

404 ಬಂದ ಯಂತ್ರಗಳ ನೆಟ್‌ವರ್ಕ್ ಆರೋಗ್ಯವಾಗಿದೆ. ಸರ್ವರ್ ಸಿಕ್ಕಿದೆ, ಕೇಳಿದ ಫೈಲ್ ಅಲ್ಲಿಲ್ಲ, ಅಷ್ಟೇ. ಯಂತ್ರದಲ್ಲಿರುವ ಪ್ಯಾಕೇಜ್ ಪಟ್ಟಿ ಹಳತಾಗಿದ್ದರೆ 'ಆಪ್ಟ್ ಅಪ್‌ಡೇಟ್' ಕೊಟ್ಟರೆ ಸಾಕು. ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ, ಅಲ್ಲದ ಉಬುಂಟುವಿಗೆ ಬೆಂಬಲ ಒಂಬತ್ತೇ ತಿಂಗಳು, ಆಮೇಲೆ ಅದರ ಪ್ಯಾಕೇಜುಗಳು ಹಳೆಯ ಆವೃತ್ತಿಗಳ ಬೇರೊಂದು ಸರ್ವರಿಗೆ ಹೋಗುತ್ತವೆ. ವಿಳಾಸ ಬದಲಿಸಿ ಅಲ್ಲಿಂದ ತರಬಹುದು, ಆದರೆ ಶಾಲೆಯ ಯಂತ್ರಕ್ಕೆ ಹೊಸ ಎಲ್‌ಟಿಎಸ್ ಹಾಕುವುದೇ ಲೇಸು.

ಮೂರನೆಯ ಮೆಸೇಜನ್ನು ನಾನೂ ಕಂಡಿದ್ದೇನೆ. ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಯಂತ್ರ ಇದನ್ನೇ ಹೇಳಿತು. ವೈರು ಕಿತ್ತೆ, ಹಾಕಿದೆ, ರೂಟರ್ ಆರಿಸಿದೆ. ಕೊನೆಗೆ ಪರದೆಯ ಮೂಲೆ ನೋಡಿದರೆ ತಾರೀಕು ವರ್ಷಗಳಷ್ಟು ಹಿಂದಕ್ಕೆ ಹೋಗಿತ್ತು. ಆ ಯಂತ್ರದ ಲೆಕ್ಕದಲ್ಲಿ ಸರ್ವರಿನ ಫೈಲಿನ ಮೇಲಿದ್ದದ್ದು ಇನ್ನೂ ಬಾರದ ದಿನಾಂಕ, ಹಾಗಾಗಿ ಅದು ಫೈಲನ್ನು ನಂಬಲಿಲ್ಲ. ಸಮಯ ಇಂಟರ್ನೆಟ್‌ನಿಂದ ತಾನೇ ಸರಿಹೋಗಬೇಕು, ಆದರೆ ಆ ದಾರಿಯನ್ನು ಮುಚ್ಚಿರುವ ನೆಟ್‌ವರ್ಕ್‌ಗಳಲ್ಲಿ ಸರಿಹೋಗುವುದಿಲ್ಲ. ತಾರೀಕು ಸರಿಪಡಿಸಿದರೆ ಕೂಡಲೇ ಕೆಲಸವಾಗುತ್ತದೆ. ಕರೆಂಟ್ ತೆಗೆದಾಗಲೆಲ್ಲ ಮತ್ತೆ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಸತ್ತಿದೆ. ಸಾಮಾನ್ಯವಾಗಿ ಅದು ಸಿಆರ್ 2032, ಮೂರು ವೋಲ್ಟ್.

ವೈದ್ಯನಾಗಿ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಸತ್ತ ಸೆಲ್ಲಿನಲ್ಲೂ ಮಗುವಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತದೆ. 20 ಮಿಲಿಮೀಟರ್ ಅಗಲದ ಅದು ಗಂಟಲ ಕೆಳಗೆ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸದೆ ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಇ-ತ್ಯಾಜ್ಯಕ್ಕೆ ಕೊಡಿ.

ಇನ್ನೊಂದು ಉಪಾಯ. ಒಂದು ಯಂತ್ರದಲ್ಲಿ 'ಆಪ್ಟ್ ಕ್ಯಾಷರ್ ಎನ್‌ಜಿ' ಹಾಕಿ, ಮಿಕ್ಕ 11 ಯಂತ್ರಗಳಿಗೂ ಅದರ ವಿಳಾಸವನ್ನು 3142 ಪೋರ್ಟ್ ಸಮೇತ ಪ್ರಾಕ್ಸಿಯಾಗಿ ಕೊಡಿ. ಒಮ್ಮೆ ಇಳಿದ ಪ್ಯಾಕೇಜು ಎಲ್ಲಕ್ಕೂ ಹಂಚಿಕೆಯಾಗುತ್ತದೆ. ಹಗಲಲ್ಲೇ ಮುಗಿಯುವ ಕೆಲಸ, ಮನೆಗೆ ಹೊರುವುದೂ ತಪ್ಪುತ್ತದೆ.

ಪ್ರಶ್ನೆ: 20 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ. ಹಾಸ್ಟೆಲ್ ವೈಫೈನಲ್ಲಿ ಬ್ರೌಸರ್ ಓಡುತ್ತದೆ, ಪ್ಯಾಕೇಜ್ ಮಾತ್ರ ಇಳಿಯುವುದಿಲ್ಲ, 'ನೋಸ್ಪ್ಲಿಟ್' ಎಂದು ಬರುತ್ತದೆ. ಸಹಿ ಪರೀಕ್ಷೆ ಆಫ್ ಮಾಡು ಎನ್ನುತ್ತಾರೆ ಗೆಳೆಯರು. ಸಂಜೆಯಾದರೆ ಹಣೆ ನೋಯುತ್ತದೆ.

ಉತ್ತರ: ಆ ಮೆಸೇಜಿನ ಬಾಲದಲ್ಲೇ ನೆಟ್‌ವರ್ಕ್ ಲಾಗಿನ್ ಕೇಳುತ್ತಿದೆಯೇ ಎಂಬ ಪ್ರಶ್ನೆಯಿದೆ, ಓದಿ ನೋಡಪ್ಪ. ಪ್ಯಾಕೇಜ್ ಪಟ್ಟಿಯ ಬದಲು ಹಾಸ್ಟೆಲ್ಲಿನ ಲಾಗಿನ್ ಪುಟ ಇಳಿದುಬಂದಿದೆ. ಬ್ರೌಸರಿನಲ್ಲಿ ಮತ್ತೆ ಲಾಗಿನ್ ಆಗಿ ಅಪ್‌ಡೇಟ್ ಕೊಡು. ಪ್ರಾಕ್ಸಿ ಇರುವ ಜಾಗವಾದರೆ ಬ್ರೌಸರಿನಲ್ಲಿ ಬರೆದದ್ದು ಆಪ್ಟ್‌ಗೆ ತಲುಪುವುದಿಲ್ಲ, ಅದರ ಕಾನ್ಫಿಗ್ ಫೈಲಿನಲ್ಲಿ ಬೇರೆಯೇ ಬರೆಯಬೇಕು. ಗೆಳೆಯರ ಸಲಹೆ ಮಾತ್ರ ಬೇಡ. ಬಂದ ಫೈಲ್ ಅಸಲಿಯಲ್ಲ ಎಂದು ಹಿಡಿದುಕೊಟ್ಟದ್ದೇ ಆ ಸಹಿ ಪರೀಕ್ಷೆ. ಸ್ಟ್ರಿಪ್ ಹರಿದು ಬ್ಯಾಚ್ ನಂಬರ್ ಅಳಿಸಿಹೋದ ಮಾತ್ರೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಹಣೆನೋವಿಗೆ ಮೊದಲು ಕನ್ನಡಕದ ಅಂಗಡಿಯಲ್ಲಲ್ಲ, ಕಣ್ಣಿನ ವೈದ್ಯರ ಹತ್ತಿರ ದೃಷ್ಟಿ ಪರೀಕ್ಷೆ ಮಾಡಿಸು. ವರದಿ ಬಂದ ಮೇಲೆ ಮತ್ತೆ ಬರೆ.