ಅರಿಸಿನದ ಎಲೆ: ಮನೆಬಳಕೆಯ ಗುಣ ಮತ್ತು ವಹಿಸಬೇಕಾದ ಎಚ್ಚರಿಕೆ

ಅರಿಸಿನ ಎಂದೊಡನೆ ರೈತರ ಗಮನ ಗಡ್ಡೆಯ ಕಡೆಗೆ ಹೋಗುವುದು ಸಹಜ. ಚಾಮರಾಜನಗರ, ಮೈಸೂರು ಜಿಲ್ಲೆಗಳಲ್ಲಿ ಈ ಬೆಳೆಯನ್ನು ಬೆಳೆಯುವುದು ಗಡ್ಡೆಗಾಗಿಯೇ. ಆದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಮನೆಗಳಲ್ಲಿ ಹಸಿರೆಲೆಗೂ ಅಷ್ಟೇ ಬೇಡಿಕೆಯಿದೆ. ನಾಗರಪಂಚಮಿ ಮತ್ತು ಚೌತಿಯ ಹೊತ್ತಿಗೆ ಅಲ್ಲಿನ ಪೇಟೆಗಳಲ್ಲಿ ಎಲೆಯ ಕಟ್ಟುಗಳು ಮಾರಾಟಕ್ಕೆ ಬರುತ್ತವೆ.

ರೂಢಿಯ ಬಳಕೆ

ರುಬ್ಬಿದ ಅಕ್ಕಿಹಿಟ್ಟನ್ನು ಎಲೆಯ ಮೇಲೆ ತೆಳ್ಳಗೆ ಹಚ್ಚಿ, ಕಾಯಿತುರಿ ಮತ್ತು ಬೆಲ್ಲದ ಹೂರಣವಿಟ್ಟು ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಇದಕ್ಕೆ ಕಡುಬು, ಗಟ್ಟಿ ಎಂಬ ಹೆಸರುಗಳಿವೆ; ಕೊಂಕಣಿ ಮನೆಗಳಲ್ಲಿ ಪಾತೋಳಿ ಎನ್ನುತ್ತಾರೆ. ಮಳೆಗಾಲದಲ್ಲಿ ಮಂದವಾಗುವ ಜೀರ್ಣಶಕ್ತಿಗೆ ಈ ಎಲೆಯ ಪರಿಮಳ ಹಿತವೆಂದು ಹಿರಿಯರು ನಂಬಿದ್ದಾರೆ. ನೆಗಡಿಯಾದಾಗ ಕುದಿಯುವ ನೀರಿಗೆ ತುಳಸಿಯೊಡನೆ ಈ ಎಲೆಯನ್ನೂ ಹಾಕಿ ಹಬೆ ತೆಗೆದುಕೊಳ್ಳುವವರೂ ಇದ್ದಾರೆ.

ಎಲೆಯಲ್ಲಿ ಏನಿದೆ?

ಎಲೆಯ ಪರಿಮಳಕ್ಕೆ ಅದರಲ್ಲಿರುವ ಆವಿಯಾಗುವ ತೈಲವೇ ಕಾರಣ. ಹಬೆ ತಗುಲಿದಾಗ ಈ ತೈಲ ಬಿಡುಗಡೆಯಾಗಿ ಹಿಟ್ಟಿಗೆ ಸೇರುತ್ತದೆ. ಗಡ್ಡೆಗೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಲೆಯಲ್ಲಿ ಅತ್ಯಲ್ಪ. ಆದ್ದರಿಂದ ಗಡ್ಡೆಯ ಗುಣಗಳನ್ನೆಲ್ಲ ಎಲೆಗೂ ಆರೋಪಿಸುವುದು ಸರಿಯಲ್ಲ. ಎಲೆ ಆಹಾರಕ್ಕೆ ರುಚಿ, ಪರಿಮಳ ಕೊಡುವ ಪದಾರ್ಥವೇ ಹೊರತು ರೋಗಕ್ಕೆ ಚಿಕಿತ್ಸೆಯಲ್ಲ. ಕಾಮಾಲೆ, ಬಿಡದ ಜ್ವರ, ಉಬ್ಬಸ ಇದ್ದಾಗ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರನ್ನು ಕಾಣಬೇಕು. ಹಬೆಯ ಪಾತ್ರೆಯ ಬಳಿ ಮಕ್ಕಳನ್ನು ಬಿಡಬಾರದು.

ಸಿಂಪರಣೆ ಮಾಡಿದ ಎಲೆ ಬೇಡ

ಏಪ್ರಿಲ್–ಮೇ ತಿಂಗಳಲ್ಲಿ ನಾಟಿಯಾದ ಬೆಳೆ ಪಂಚಮಿಯ ಹೊತ್ತಿಗೆ ಎರಡು ಮೂರು ತಿಂಗಳದ್ದಾಗಿರುತ್ತದೆ. ಕಾಂಡ ಕೊರೆಯುವ ಹುಳು ಮತ್ತು ಎಲೆಚುಕ್ಕೆ ರೋಗಗಳ ಬಾಧೆಗಾಗಿ ರೈತರು ಸಿಂಪರಣೆ ಮಾಡುವುದೂ ಜುಲೈಯಿಂದ ಅಕ್ಟೋಬರ್‌ವರೆಗಿನ ಇದೇ ಅವಧಿಯಲ್ಲಿ. ಹಬ್ಬದ ಎಲೆ ಕೊಯ್ಯುವ ಕಾಲವೂ ವಿಷ ಸಿಂಪಡಿಸುವ ಕಾಲವೂ ಹೀಗೆ ಒಂದೇ ಆಗುತ್ತವೆ. ಎಲೆಯನ್ನು ತೊಳೆದರೆ ಮೇಲಿನ ಅಂಶ ಸ್ವಲ್ಪ ಹೋಗಬಹುದು. ಗಿಡದೊಳಗೆ ಹರಡುವ ಅಂತರ್ವ್ಯಾಪಿ ಕೀಟನಾಶಕ ತೊಳೆದರೆ ಹೋಗುವುದಿಲ್ಲ. ಹಿಟ್ಟು ಎಲೆಗೆ ಅಂಟಿಕೊಂಡೇ ಬೇಯುವುದರಿಂದ ಉಳಿದ ವಿಷ ನೇರವಾಗಿ ಊಟಕ್ಕೆ ಸೇರುವ ಅಪಾಯವಿದೆ. ಪೇಟೆಯಲ್ಲಿ ಕಟ್ಟು ಕೊಳ್ಳುವವರಿಗೆ ಇದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಈ ಹೊಣೆ ಬೆಳೆಗಾರನದೇ.

ರೈತರು ಅನುಸರಿಸಬೇಕಾದ ಕ್ರಮಗಳು

1. ಎಲೆಗಾಗಿಯೇ ಹಿತ್ತಿಲಿನಲ್ಲಿ ನೀರು ನಿಲ್ಲದ ಕಡೆ ಏರುಮಡಿ ಮಾಡಿ ಹತ್ತು ಹದಿನೈದು ಗಿಡಗಳನ್ನು ಬೇರೆಯಾಗಿ ಬೆಳೆಸಬೇಕು. ಇವುಗಳಿಗೆ ಸಿಂಪರಣೆ ಮಾಡಬಾರದು.

2. ಸಿಂಪರಣೆ ಮಾಡಿದ ತಾಕಿನ ಎಲೆಯನ್ನು ಅಡಿಗೆಗೆ ಬಳಸಬಾರದು, ಮಾರಲೂ ಬಾರದು.

3. ಗಡ್ಡೆಗೆ ಆಹಾರ ಒದಗಿಸುವುದು ಎಲೆಯೇ. ಗಿಡವನ್ನು ಬೋಳು ಮಾಡಿದರೆ ಗಡ್ಡೆ ಸಣ್ಣದಾಗುತ್ತದೆ. ಪ್ರತಿ ಗಿಡದಿಂದ ಬಲಿತ ಒಂದೆರಡು ಎಲೆಗಳನ್ನು ಮಾತ್ರ ಕೊಯ್ದು, ಸುಳಿಯನ್ನು ಮುಟ್ಟದೆ ಬಿಡಬೇಕು.

4. ಚುಕ್ಕೆ ಬಿದ್ದ, ಹರಿದ, ಹಳದಿಯಾದ ಎಲೆಗಳನ್ನು ಆರಿಸಿ ತೆಗೆಯಬೇಕು. ರೋಗದ ಎಲೆಗಳನ್ನು ತಾಕಿನಲ್ಲಿ ಬಿಡದೆ ಸುಟ್ಟುಹಾಕುವುದು ಉತ್ತಮ.

5. ಬೆಳೆ ಬಲಿತು ಎಲೆ ಒಣಗಿದಾಗ, ಕೊಯ್ಲಿಗೆ ಮೊದಲು ಸವರಿದ ರೋಗವಿಲ್ಲದ ಎಲೆಯನ್ನು ಬಿತ್ತನೆ ಗಡ್ಡೆಯ ರಾಶಿಗೆ ಹೊದಿಸಲು ಉಪಯೋಗಿಸಬಹುದು.

ಹಿತ್ತಿಲಿನ ಹತ್ತು ಗಿಡಗಳಿಗೆ ತಗಲುವ ಖರ್ಚು ಅತ್ಯಲ್ಪ. ಅದರಿಂದ ಹಿರಿಯರ ರೂಢಿಯೂ ಉಳಿಯುತ್ತದೆ, ಮನೆಮಂದಿಯ ಊಟವೂ ನಿರ್ವಿಷವಾಗಿರುತ್ತದೆ. ಬರುವ ನಾಟಿಯ ಕಾಲದಲ್ಲಿ ಬಿತ್ತನೆ ಗಡ್ಡೆ ಆರಿಸುವಾಗಲೇ ಇದಕ್ಕಾಗಿ ಒಂದು ಹಿಡಿ ಗಡ್ಡೆಯನ್ನು ತೆಗೆದಿಡುವುದು ಒಳ್ಳೆಯದು.