ಡಿಪ್ಲೊಮಾ ತಿನ್ನುತ್ತೇನೆಂದ ಕೋಚ್

ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂತ ನಿಮ್ಮಮ್ಮ ಹೇಳಿದಳು ಮಗೂ. ಬೇಜಾರಾಗುತ್ತೆ, ಆಗಲಿ. ಆದರೆ ಆ ಕೋಚ್‌ಗೆ ಬೈಯುವ ಮೊದಲು ರಾಬರ್ಟ್ ಪ್ರೊಸಿನೆಚ್ಕಿ ಅನ್ನುವವನ ವಿಷಯ ಕೇಳು.

ಕ್ರೊಯೇಷಿಯಾದ ಮಿಡ್‌ಫೀಲ್ಡರ್. ಕಾಲಿಗೆ ಚೆಂಡು ಸಿಕ್ಕರೆ ಕಿತ್ತುಕೊಳ್ಳುವುದು ಯಾರಿಗೂ ಸುಲಭವಿರಲಿಲ್ಲ. ಇಂಥವನನ್ನು ಜಾಗ್ರೆಬ್‌ನ ಡೈನಮೊ ಕ್ಲಬ್ಬಿನ ಕೋಚ್ ಬ್ಲಾಜೆವಿಚ್ ಬೇಡವೆಂದರು. ಇವನು ಆಟಗಾರನಾದರೆ ನನ್ನ ಡಿಪ್ಲೊಮಾ ತಿಂದುಬಿಡುತ್ತೇನೆ ಅಂದರಂತೆ. ಅಲ್ಲಿ ಇಂದಿಗೂ ಜನ ನೆನೆದು ನಗುವ ಮಾತು. ಹುಡುಗ ವಾದಕ್ಕೆ ನಿಲ್ಲಲಿಲ್ಲ, 1987ರಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಸೇರಿದ. ಅದೇ ವರ್ಷ ಚಿಲಿಯಲ್ಲಿ ಯುಗೊಸ್ಲಾವಿಯ ಯುವ ವಿಶ್ವಕಪ್ ಗೆದ್ದಾಗ ಟೂರ್ನಿಯ ಶ್ರೇಷ್ಠ ಆಟಗಾರ ಅವನೇ. (ಆ ತಂಡದಲ್ಲಿ ಇಗೋರ್ ಸ್ಟಿಮಾಚ್ ಕೂಡ ಇದ್ದ. 2023ರಲ್ಲಿ ನಮ್ಮ ಕಂಠೀರವದಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಾಗ ಕೋಚ್ ಆಗಿದ್ದನಲ್ಲ, ಅವನೇ.) 1991ರಲ್ಲಿ ಬಾರಿ ನಗರದಲ್ಲಿ ಯುರೋಪಿಯನ್ ಕಪ್ ಫೈನಲ್. ಮಾರ್ಸೇ ವಿರುದ್ಧ ಎರಡು ಗಂಟೆ ಆಡಿದರೂ ಗೋಲಿಲ್ಲ. ಪೆನಾಲ್ಟಿಗೆ ಮೊದಲು ಹೆಜ್ಜೆಯಿಟ್ಟವನು ಪ್ರೊಸಿನೆಚ್ಕಿ. ಒದ್ದ, ಗೋಲು. ರೆಡ್ ಸ್ಟಾರ್ 5-3ರಿಂದ ಗೆದ್ದಿತು.

ಇಲ್ಲಿಗೇ ನಿಲ್ಲಿಸಿದರೆ ನಿನಗೆ ಅರ್ಧ ಸತ್ಯ ಹೇಳಿದಂತೆ. ರಿಯಲ್ ಮ್ಯಾಡ್ರಿಡ್‌ಗೆ ಹೋದ, ಸ್ನಾಯು ಪದೇ ಪದೇ ಕೈಕೊಟ್ಟಿತು. ಆಮೇಲೆ ಬಾರ್ಸಿಲೋನಾ ಪರವೂ ಆಡಿದ, ಅಲ್ಲೂ ನೆಲೆ ನಿಲ್ಲಲಿಲ್ಲ. ಸಿಗರೇಟಿನ ಚಟ ಬೇರೆ. ಗಾಯಕ್ಕೆ ಅದೇ ಕಾರಣ ಅನ್ನಲಾರೆ, ಆದರೆ ಆಟಗಾರನಿಗೆ ಅದು ಖಂಡಿತ ಒಳ್ಳೆಯದಲ್ಲ. ಅಷ್ಟು ಪ್ರತಿಭೆಗೆ ಮ್ಯಾಡ್ರಿಡ್‌ನಲ್ಲಿ ಸಿಕ್ಕಿದ್ದು ಕಡಿಮೆಯೇ. ಅವನ ಚೆಂಡಿನ ಹಿಡಿತ ಕಲಿ, ಚಟ ಬಿಡು.

ಅಷ್ಟರಲ್ಲಿ ಅವನ ದೇಶ ಯುಗೊಸ್ಲಾವಿಯವೇ ಒಡೆದು ಕ್ರೊಯೇಷಿಯಾ ಬೇರೆಯಾಗಿತ್ತು. 1990ರ ವಿಶ್ವಕಪ್‌ನಲ್ಲಿ ಯುಗೊಸ್ಲಾವಿಯ ಪರ ಗೋಲು ಹೊಡೆದಿದ್ದವನು 1998ರಲ್ಲಿ ಕ್ರೊಯೇಷಿಯಾದ ಅಂಗಿ ತೊಟ್ಟು ಜಮೈಕಾ ವಿರುದ್ಧ ಹೊಡೆದ. ಎರಡು ದೇಶಗಳ ಪರ ವಿಶ್ವಕಪ್‌ನಲ್ಲಿ ಗೋಲು ಹೊಡೆದ ಮೊದಲಿಗ ಅವನೇ. ಮೂರನೇ ಸ್ಥಾನದ ಪಂದ್ಯದಲ್ಲಿ ನೆದರ್ಲೆಂಡ್ಸ್ ಮೇಲೆ ಮೊದಲ ಗೋಲೂ ಅವನದೇ. ಕ್ರೊಯೇಷಿಯಾ 2-1ರಿಂದ ಗೆದ್ದಿತು. ಆ ತಂಡದ ಕೋಚ್ ಯಾರು ಗೊತ್ತಾ? ಅದೇ ಬ್ಲಾಜೆವಿಚ್! ಹಳೆಯ ಮಾತು ಮನಸ್ಸಿನಲ್ಲಿಟ್ಟುಕೊಂಡು ಇಬ್ಬರಲ್ಲಿ ಒಬ್ಬರು ಮುಖ ತಿರುಗಿಸಿದ್ದರೂ ಆ ಗೋಲುಗಳು ಇರುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ಕೋಚ್ ಎದುರು ಸಿಕ್ಕರೆ ನಮಸ್ಕಾರ ಹೇಳು, ಯಾವುದು ಸಾಲದಾಯಿತು ಅಂತ ಕೇಳು. ಮುಂದಿನ ಆಯ್ಕೆಗೆ ಹೆಸರು ಕೊಟ್ಟೇ ಮನೆಗೆ ಬಾ.