ಒತ್ತಿ ತಿರುಗಿಸುವ ಮುಚ್ಚಳ: ಮಲೇಷ್ಯಾದಲ್ಲಿ ಮಗುವಿನ ಪರವಾಗಿ ನೀವು ಏನು ಕೇಳಬಹುದು

ಮಲೇಷ್ಯಾದಲ್ಲಿ ನೋಂದಣಿಯಾದ ಔಷಧಿಯ ಪೊಟ್ಟಣದ ಮೇಲೆ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬ ಎಚ್ಚರಿಕೆ ಇರಲೇಬೇಕು. ಮಗುವಿಗೆ ತೆರೆಯಲು ಬಾರದ ಮುಚ್ಚಳದ ಮಾತು ಬೇರೆ. ಅಮೆರಿಕ 1970ರಲ್ಲಿ ಪ್ಯಾಕಿಂಗಿಗೆಂದೇ ಒಂದು ಕಾಯ್ದೆ ತಂದಿತು. ಅಂಥ ಪ್ರತ್ಯೇಕ ಕಾಯ್ದೆ ಮಲೇಷ್ಯಾದಲ್ಲಿಲ್ಲ. ಹಾಗೆಂದು ಕ್ವಾಲಾಲಂಪುರದಲ್ಲೋ ಪೆನಾಂಗ್‌ನಲ್ಲೋ ಸಂಸಾರ ಹೂಡಿರುವ ನಮ್ಮವರು ಕೈಚೆಲ್ಲಿ ಕೂರಬೇಕಾಗಿಲ್ಲ. ಅಲ್ಲಿನ 1999ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೇಳುವ ಹಕ್ಕಿದೆ. ಕೆಲಸದ ಪಾಸಿನ ಮೇಲೆ ಬಂದವರಿಗೂ ಅದು ಅನ್ವಯಿಸುತ್ತದೆ. ಕಾಯ್ದೆ ನೋಡುವುದು ನೀವು ಗ್ರಾಹಕರೇ ಎಂಬುದನ್ನು, ಯಾವ ದೇಶದವರು ಎಂಬುದನ್ನಲ್ಲ.

ಮೊದಲು ಮುಚ್ಚಳದ ಪರೀಕ್ಷೆ ಹೇಗೆ ನಡೆಯುತ್ತದೆಂದು ತಿಳಿಯೋಣ. ಮತ್ತೆ ಮತ್ತೆ ಮುಚ್ಚಿ ತೆರೆಯುವ ಸೀಸೆಗಳಿಗೆ ಐಎಸ್‌ಒ 8317 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 42ರಿಂದ 51 ತಿಂಗಳ ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ, ಅಪಾಯವಿಲ್ಲದ ವಸ್ತು ತುಂಬಿದ ಸೀಸೆಯನ್ನು ಕೈಗೆ ಕೊಡುತ್ತಾರೆ. ತೆರೆಯಲು 5 ನಿಮಿಷ. ಆಗದಿದ್ದರೆ ದೊಡ್ಡವರೊಬ್ಬರು ಮಾತಾಡದೆ ತೆರೆದು ತೋರಿಸುತ್ತಾರೆ. ಮತ್ತೆ 5 ನಿಮಿಷ. ತೋರಿಸುವ ಮುಂಚೆ ಶೇ 85, ತೋರಿಸಿದ ಮೇಲೂ ಶೇ 80 ಮಕ್ಕಳಿಂದ ಅದು ತೆರೆಯಬಾರದು. ಅದೇ ಸೀಸೆಯನ್ನು 50ರಿಂದ 70 ವರ್ಷದವರಲ್ಲಿ ಶೇ 90ರಷ್ಟು ಜನ ತೆರೆಯಬೇಕು. ಅಜ್ಜಿಗೆ ತೆರೆಯಲು ಬಾರದ ಮುಚ್ಚಳವೂ ಕೆಟ್ಟದ್ದೇ. ಬೇಸತ್ತು ಅವರು ಅದನ್ನು ಸಡಿಲವಾಗಿಯೇ ಬಿಟ್ಟುಬಿಡುತ್ತಾರೆ.

ಈ ಲೆಕ್ಕವನ್ನು ತಂದೆತಾಯಂದಿರು ನಿಧಾನವಾಗಿ ಓದಬೇಕು. ನೂರು ಮಕ್ಕಳಲ್ಲಿ ಇಪ್ಪತ್ತು ಮಕ್ಕಳು ಹತ್ತು ನಿಮಿಷದಲ್ಲಿ ತೆರೆದರೂ ಆ ಸೀಸೆ ಪಾಸಾಗಬಹುದು. ದೊಡ್ಡವರು ಓಡಿಬಂದು ಕಸಿದುಕೊಳ್ಳುವಷ್ಟು ಹೊತ್ತು ಮಗುವನ್ನು ತಡೆಯುವುದಷ್ಟೇ ಮುಚ್ಚಳದ ಕೆಲಸ. ಪರೀಕ್ಷೆಯ ಫಲ ಸಲ್ಲುವುದೂ ಆ ಸೀಸೆಗೆ, ಆ ಮುಚ್ಚಳ ಸೇರಿದಾಗ ಮಾತ್ರ. ಮಲೇಷ್ಯಾದ ಖಾಸಗಿ ಕ್ಲಿನಿಕ್ಕುಗಳಲ್ಲಿ ವೈದ್ಯರೇ ಮಾತ್ರೆ ಕೊಡುವುದು ರೂಢಿ. ಎಷ್ಟೋ ಸಲ ಅವು ಮನೆಗೆ ಬರುವುದು ಜಿಪ್ ಇರುವ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ. ಊರಿಂದ ಮೊಮ್ಮಗುವನ್ನು ನೋಡಲು ಬರುವ ಅಜ್ಜ-ಅಜ್ಜಿಯರು ಬಿಪಿ, ಶುಗರ್ ಮಾತ್ರೆಗಳನ್ನು ವಾರದ ಡಬ್ಬಿಗೆ ಸುರಿದುಕೊಂಡು ಕೈಚೀಲದಲ್ಲಿ ಇಟ್ಟಿರುತ್ತಾರೆ. ಗ್ಲಿಕ್ಲಾಜೈಡ್, ಗ್ಲಿಮೆಪಿರೈಡ್ ಜಾತಿಯ ಶುಗರ್ ಮಾತ್ರೆ ಒಂದೇ ಒಂದು ಹೊಟ್ಟೆಗೆ ಹೋದರೂ ಎಳೆಮಗುವಿನ ರಕ್ತದ ಸಕ್ಕರೆ ಜೀವಕ್ಕೆ ಅಪಾಯವಾಗುವಷ್ಟು ಇಳಿಯಬಹುದು. ಆ ಡಬ್ಬಿಗೆ ಬೀಗ ಬೇಕು. ಕ್ಲಿನಿಕ್ಕಿನಲ್ಲಿ ಒತ್ತಿ ತಿರುಗಿಸುವ ಮುಚ್ಚಳದ ಸೀಸೆ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಇದರಲ್ಲಿ ಸಂಕೋಚ ಬೇಡ.

ಇನ್ನು ಕಾನೂನು. ಔಷಧಿಗಳ ನೋಂದಣಿ ಮತ್ತು ಲೇಬಲ್ಲು 1984ರ ಔಷಧ ಮತ್ತು ಸೌಂದರ್ಯವರ್ಧಕ ನಿಯಂತ್ರಣ ನಿಯಮಗಳಡಿ ಬರುತ್ತವೆ. ನೋಡಿಕೊಳ್ಳುವುದು ಎನ್‌ಪಿಆರ್‌ಎ ಎಂಬ ರಾಷ್ಟ್ರೀಯ ಔಷಧ ನಿಯಂತ್ರಣ ಸಂಸ್ಥೆ. ಪೊಟ್ಟಣದ ಮೇಲೆ ‘ಎಂಎಎಲ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ನೆಲ ಒರೆಸುವ ದ್ರಾವಣ, ಬ್ಲೀಚ್, ಅಂಟು, ಗುಂಡಿ ಬ್ಯಾಟರಿಯಂಥ ಮನೆಬಳಕೆಯ ಸಾಮಾನಿಗೆ ಗ್ರಾಹಕ ಕಾಯ್ದೆ ಕೈಗೆ ಬರುತ್ತದೆ. ನಿರ್ದಿಷ್ಟ ಸುರಕ್ಷಾ ಮಾನದಂಡ ಗೊತ್ತುಮಾಡದ ಕಡೆಯೂ, ಸಾಮಾನ್ಯ ಗ್ರಾಹಕನೊಬ್ಬ ನ್ಯಾಯವಾಗಿ ನಿರೀಕ್ಷಿಸುವಷ್ಟು ಸುರಕ್ಷತೆ ಸರಕಿನಲ್ಲಿ ಇರಬೇಕೆಂದು ಅದರ 21ನೇ ಕಲಂ ಹೇಳುತ್ತದೆ. ಆಟಿಕೆಗಳಿಗೆ 2009ರ ಸುರಕ್ಷಾ ನಿಯಮಗಳೇ ಇವೆ.

ನನಗೆ ಇನ್ನೂ ಮುಖ್ಯವೆನಿಸುವುದು ಅದೇ ಕಾಯ್ದೆಯ ಹತ್ತನೇ ಭಾಗ. ದೋಷವಿರುವ ಸರಕಿನಿಂದ ಹಾನಿಯಾದರೆ ತಯಾರಕ, ತನ್ನ ಹೆಸರು ಹಚ್ಚಿ ಮಾರಿದವ, ವ್ಯಾಪಾರಕ್ಕಾಗಿ ಆಮದು ಮಾಡಿಕೊಂಡವ, ಎಲ್ಲರೂ 68ನೇ ಕಲಮಿನ ಪ್ರಕಾರ ಹೊಣೆ. ಅವರ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಾಗಿಲ್ಲ; ದೋಷ, ಹಾನಿ, ಅವೆರಡರ ಸಂಬಂಧ ತೋರಿಸಿದರೆ ಸಾಕು. ತಯಾರಕ ಯಾರೆಂದು ಗೊತ್ತಿಲ್ಲವೇ? ಅಂಗಡಿಯವರನ್ನು ಬರಹದಲ್ಲಿ ಕೇಳಿ. ತಕ್ಕ ಅವಧಿಯಲ್ಲಿ ಹೆಸರು ಹೇಳದಿದ್ದರೆ ಹೊಣೆ ಅವರ ತಲೆಗೇ ಬರುತ್ತದೆ. ಆನ್‌ಲೈನಿನಲ್ಲಿ ತರಿಸಿದ ಊರು-ಹೆಸರಿಲ್ಲದ ಸಾಮಾನಿಗೆ ಇದು ಬಹಳ ಉಪಯೋಗ. ‘ದೂರವಿಡಿ ಎಂದು ಬರೆದಿದ್ದೆವಲ್ಲ’ ಎಂಬ ಉತ್ತರ ಖಂಡಿತ ಬರುತ್ತದೆ. ಎಚ್ಚರಿಕೆಯ ಬರಹವನ್ನು ನ್ಯಾಯಾಲಯ ನೋಡುವುದು ನಿಜ. ಅದರ ಜೊತೆಗೆ ಸರಕಿನ ರೂಪ, ಅದನ್ನು ಜನ ಹೇಗೆ ಬಳಸಬಹುದೆಂಬ ನಿರೀಕ್ಷೆಯನ್ನೂ ನೋಡುತ್ತದೆ. ಎರಡು ವರ್ಷದ ಕೂಸು ಬಣ್ಣದ ಬಾಟಲಿಯನ್ನು ಬಾಯಿಗೆ ಇಡುತ್ತದೆಂಬುದು ಯಾವ ಕಾರ್ಖಾನೆಗೂ ಗೊತ್ತಿರದ ಸಂಗತಿಯಲ್ಲ.

ಮಕ್ಕಳ ಬಾಯಿಗೆ ಹೋಗಬಹುದಾದ ಇನ್ನೊಂದು ವಿಷ ವೇಪ್, ಅಂದರೆ ಇ-ಸಿಗರೇಟಿನ ದ್ರವ. ಅದರ ವಿಷಯದಲ್ಲಿ ಮಲೇಷ್ಯಾ ತಡಮಾಡಿತು. 2023ರ ಮಾರ್ಚ್ 31ರಂದು ನಿಕೋಟಿನ್ ದ್ರವವನ್ನು ವಿಷಪದಾರ್ಥಗಳ ಪಟ್ಟಿಯಿಂದ ಹೊರಗಿಟ್ಟರು. ಧೂಮಪಾನ ಉತ್ಪನ್ನಗಳ ನಿಯಂತ್ರಣ ಕಾಯ್ದೆ ಜಾರಿಯಾದದ್ದು 2024ರ ಅಕ್ಟೋಬರ್ 1ಕ್ಕೆ. ಹಣ್ಣಿನ ಪರಿಮಳದ ವಿಷವನ್ನು ಒಂದೂವರೆ ವರ್ಷ ಹಾಗೆ ಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಅನಾಹುತವಾದರೆ ಮೊದಲು ಮಗು, ಆಮೇಲೆ ದೂರು. ಮಗು ಸುಸ್ತಾಗಿದ್ದರೆ, ಉಸಿರು ಕಷ್ಟವಾದರೆ, ಗುಂಡಿ ಬ್ಯಾಟರಿ ನುಂಗಿದ್ದರೆ 999ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿ. ಉಳಿದಂತೆ ಪೆನಾಂಗ್‌ನ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾದಲ್ಲಿರುವ ರಾಷ್ಟ್ರೀಯ ವಿಷ ಕೇಂದ್ರ 1-800-88-8099ರಲ್ಲಿ ಸಲಹೆ ಕೊಡುತ್ತದೆ. ವಾಂತಿ ಮಾಡಿಸಬೇಡಿ. ಸೀಸೆ, ಮುಚ್ಚಳ, ಉಳಿದ ಮಾತ್ರೆಗಳನ್ನು ಜೊತೆಗೆ ಒಯ್ಯಿರಿ. ವೈದ್ಯರಿಗೆ ತೋರಿಸಿದ ಮೇಲೂ ಅವನ್ನು ತೊಳೆಯದೆ ಜೋಪಾನ ಮಾಡಿ. ರಸೀದಿ, ಫೋಟೊ, ವೈದ್ಯಕೀಯ ವರದಿಗಳನ್ನೂ ಸೇರಿಸಿಡಿ.

ಸರಕಿನ ದೂರು ಆಂತರಿಕ ವ್ಯಾಪಾರ ಸಚಿವಾಲಯಕ್ಕೆ, 1-800-886-800. ಔಷಧಿಯದ್ದಾದರೆ ಆರೋಗ್ಯ ಸಚಿವಾಲಯದ ಫಾರ್ಮಸಿ ವಿಭಾಗಕ್ಕೆ. ಹಣದ ನಷ್ಟಕ್ಕೆ ಗ್ರಾಹಕ ನ್ಯಾಯಮಂಡಳಿಯಿದೆ: 50,000 ರಿಂಗಿಟ್‌ವರೆಗಿನ ದಾವೆ, 5 ರಿಂಗಿಟ್ ಶುಲ್ಕ, ವಕೀಲರು ಬೇಡ, ಮೂರು ವರ್ಷದೊಳಗೆ ಹೋಗಬೇಕು. ದೇಹಕ್ಕೆ ಆದ ಗಾಯ ಅಥವಾ ಸಾವಿನ ಪರಿಹಾರ ಮಾತ್ರ ಅಲ್ಲಿ ಸಿಗದು. ಅದಕ್ಕೆ ನ್ಯಾಯಾಲಯವೇ ಗತಿ, ವಕೀಲರನ್ನು ಬೇಗ ಕಾಣಿ.

ದೂರು ಕೊಡಲು ಮಗುವಿಗೆ ಏನಾದರೂ ಆಗುವವರೆಗೆ ಕಾಯಬೇಕಿಲ್ಲ. ಸುರಕ್ಷಿತ ಎಂದು ಬರೆದ ಮುಚ್ಚಳ ನಿಮ್ಮ ಮಗುವಿನ ಕೈಯಲ್ಲಿ ಸಲೀಸಾಗಿ ಬಿಚ್ಚಿಕೊಂಡರೆ, ಬ್ಯಾಚ್ ಸಂಖ್ಯೆಯ ಸಮೇತ ಅಂದೇ ಬರೆದು ಕಳಿಸಿ. ಅಪಾಯಕಾರಿ ಸರಕನ್ನು ನಿಷೇಧಿಸುವ, ಮಾರುಕಟ್ಟೆಯಿಂದ ವಾಪಸು ತೆಗೆಸುವ ಅಧಿಕಾರ ಗ್ರಾಹಕ ಕಾಯ್ದೆಯಡಿ ಸಚಿವರಿಗಿದೆ.